ರಾತ್ರಿ ಉಳಿಯದ ತಮ್ಮ

ನನ್ನ ತಮ್ಮನನ್ನು ಹೊಗಳುವವರು ಲಕ್ಷಗಟ್ಟಲೆ ಇದ್ದಾರೆ. ಬೈಯುವ ಹಕ್ಕು ಇರುವುದು ನನಗೊಬ್ಬಳಿಗೆ. ಅಮ್ಮ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು. ಮೂಗು ಒರೆಸಿದವಳು, ತಲೆಯಲ್ಲಿ ಹೇನು ಹೆಕ್ಕಿದವಳು, ಶಾಲೆಯಲ್ಲಿ ಯಾರದಾದರೂ ತಲೆ ಒಡೆದು ಬಂದರೆ ಅವರ ಮನೆಗೆ ಹೋಗಿ ತಲೆ ತಗ್ಗಿಸಿ ನಿಂತವಳು ನಾನು. ಈಗ ಅವನನ್ನು ಜಗತ್ತೆಲ್ಲ ಚಿಗರೆ ಅನ್ನುತ್ತದೆ. ಟೆನಿಸ್ ಅಂಕಣದ ಆ ಮೂಲೆಗೆ ಬಿದ್ದ ಚೆಂಡಿಗೂ ಒಂದೇ ನೆಗೆತಕ್ಕೆ ಹೋಗಿ ಮುಟ್ಟುತ್ತಾನೆ, ಅದಕ್ಕೆ ಆ ಹೆಸರು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಸಿಸ್ಟರ್. ಅಪ್ಪ ಇದೇ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸಿ ನಿವೃತ್ತರಾದವರು. ನಮ್ಮ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿದೆ, ಎರಡು ಕೋಣೆ, ಒಂದು ಅಡುಗೆಮನೆ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದ ಬಾಲ್ಕನಿ. ತಮ್ಮ ದೊಡ್ಡ ಮನೆ ಕೊಡಿಸುತ್ತೇನೆ ಅಂತ ಎಷ್ಟೋ ಸಲ ಹೇಳಿದ. ಅಪ್ಪ ಒಪ್ಪಲಿಲ್ಲ. "ಇಲ್ಲಿ ಸೈರನ್ ಕೇಳಿಸುತ್ತೆ, ನಂಗೆ ಅದಿಲ್ದೆ ನಿದ್ದೆ ಬರಲ್ಲ" ಅಂದರು.

ಅವನು ಆಟ ಕಲಿತದ್ದು ನೀರಿನ ಟ್ಯಾಂಕಿನ ಹಿಂದಿರುವ ನಗರಸಭೆಯ ಸಿಮೆಂಟ್ ಅಂಕಣದಲ್ಲಿ. ಶುಲ್ಕವಿಲ್ಲ. ಕೋಚ್‌ಗೆ ಸಂಬಳ ಕೊಡುತ್ತಿದ್ದದ್ದು ನಗರಸಭೆ. ಊರೂರಿಗೆ ಆಡಲು ಹೋಗುವಾಗ ಬಸ್ಸಿನ ಪಾಸು ಸರ್ಕಾರದ್ದು, ಮಲಗಲು ಜಾಗ ಸರ್ಕಾರಿ ಹಾಸ್ಟೆಲಿನದು. ಮೀಸೆ ಮೊಳೆಯುವ ವಯಸ್ಸಿಗೆ ಮಣಿಕಟ್ಟು ಮುರಿಯಿತು. ಇನ್ನು ರಾಕೆಟ್ಟು ಹಿಡಿದ ಹಾಗೇ ಅಂದುಕೊಂಡಿದ್ದೆವು. ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರು ಅದಕ್ಕೆ ಲೋಹದ ಪಟ್ಟಿ ಕೂರಿಸಿ, ಆಮೇಲೆ ದಿನಾ ಬೆಳಿಗ್ಗೆ ತಾವೇ ಕೂತು ಅವನ ಬೆರಳು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸಿದರು. ಒಂದು ಬಿಡಿಗಾಸು ಕೊಡಲಿಲ್ಲ ನಾವು. ಆ ಮಣಿಕಟ್ಟಿಗೆ ಈಗ ಒಂದು ಕಂಪನಿ ತನ್ನ ವಾಚು ಕಟ್ಟಿಸಿ, ವರ್ಷಕ್ಕೆ ಇಷ್ಟು ಅಂತ ಕೊಡುತ್ತದೆ. ಎಷ್ಟು ಅಂತ ನಮ್ಮ ವಾರ್ಡಿನ ಆಯಾ ಒಮ್ಮೆ ಪೇಪರಿನಲ್ಲಿ ಓದಿ ಹೇಳಿದಳು. ಕೇಳಿದವರು ಸ್ವಲ್ಪ ಹೊತ್ತು ಕೈಯಲ್ಲಿದ್ದ ಕೆಲಸ ಮರೆತು ನಿಂತರು.

ಅವನು ದೊಡ್ಡ ಪಂದ್ಯಾವಳಿ ಗೆದ್ದ ವರ್ಷ ಒಂದು ದ್ವೀಪಕ್ಕೆ ಮನೆ ಬದಲಾಯಿಸಿದ. ಅಲ್ಲಿ ದುಡಿಮೆಯ ಮೇಲೆ ತೆರಿಗೆ ಇಲ್ಲ. ಸಮುದ್ರ, ಬಿಸಿಲು, ಬ್ಯಾಂಕು, ಇಷ್ಟೇ ಇರುವುದು. ನನ್ನನ್ನೂ ಅಪ್ಪನನ್ನೂ ಒಮ್ಮೆ ಕರೆಸಿಕೊಂಡಿದ್ದ. ಹದಿನಾರನೇ ಮಹಡಿ. ಅಪ್ಪ ಸೋಫಾದ ಅಂಚಿನಲ್ಲಿ, ಬೇರೆಯವರ ಮನೆಗೆ ಸಾಲ ಕೇಳಲು ಬಂದವರ ಹಾಗೆ ಕೂತರು. ಸೋಫಾದ ಒಂದು ಕಾಲಿಗೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ ಸುತ್ತಿತ್ತು. ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಬಿಟ್ಟರೆ ಒಂದು ನಿಂಬೆಹಣ್ಣೂ ಇರಲಿಲ್ಲ. ಬಾಗಿಲ ಬಳಿ ಚಪ್ಪಲಿ ಜೋಡಿ ಇತ್ತು, ತಿರುಗಿಸಿ ನೋಡಿದೆ, ಅಡಿಯಲ್ಲಿ ಒಂದು ಕಣ ಧೂಳಿಲ್ಲ. ಸಂಜೆ ಒಬ್ಬ ಹೆಂಗಸು, ನಮ್ಮ ಕಡೆಯಿಂದಲೇ ದುಡಿಯಲು ಹೋದವಳು, ಬೀಗ ತೆಗೆದು ಬಂದಳು, ನಮ್ಮನ್ನು ನೋಡಿ ಬೆಚ್ಚಿದಳು. ದಿನಾ ಬಂದು ಎಲ್ಲ ಕೋಣೆಯ ದೀಪ ಹಾಕಿ, ನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಹೋಗುವುದು ಅವಳ ಕೆಲಸವಂತೆ.

"ಯಾಕಮ್ಮ?" ಅಂತ ಕೇಳಿದೆ.

"ಕರೆಂಟಿನ ಬಿಲ್ಲು, ನೀರಿನ ಬಿಲ್ಲು ಬರಬೇಕಲ್ಲ ಮೇಡಂ. ಜನ ಇರೋ ಮನೆ ಥರ ಕಾಣಬೇಕು."

ಅಪ್ಪ ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಭೂತ ಬಾಡಿಗೆಗೆ ಇಟ್ಟಿದ್ದಾನೆ" ಅಂದರು. ನಾನು ನಕ್ಕೆ. ಆಗ ನಗು ಬರುತ್ತಿತ್ತು.

ಅಪ್ಪ ಬಿದ್ದದ್ದು ಒಂದು ಮಧ್ಯಾಹ್ನ. ಪಕ್ಕದ ಮನೆಯವರು ವಾರ್ಡಿಗೇ ಓಡಿಬಂದು ಕರೆದರು. ನಾನು ಮನೆ ತಲುಪುವಾಗ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಅವರದ್ದಲ್ಲದ ಹಾಗೆ ಜೋತುಬಿದ್ದಿತ್ತು. ಏನಾಗಿದೆ ಅಂತ ನನಗೆ ಗೊತ್ತು, ದಿನಾ ನೋಡುವುದೇ. ಮೊದಲು ತಲೆಯ ಸ್ಕ್ಯಾನ್ ಆಗಬೇಕು, ಅದಿಲ್ಲದೆ ಡಾಕ್ಟರು ಔಷಧಿ ಕೊಡುವ ಹಾಗಿಲ್ಲ, ಹೊತ್ತು ಹೋದಷ್ಟೂ ಮೆದುಳು ಸಾಯುತ್ತ ಹೋಗುತ್ತದೆ. ನಮ್ಮ ಆಸ್ಪತ್ರೆಯ ಸ್ಕ್ಯಾನ್ ಯಂತ್ರ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಬಾಗಿಲಿಗೆ "ದುರಸ್ತಿಯಲ್ಲಿದೆ" ಅಂತ ಚೀಟಿ. ಚೀಟಿ ಹಳೆಯದಾಗಿ ಮುದುರಿದಾಗ ಅದನ್ನು ಕಿತ್ತು ಹೊಸ ಚೀಟಿ ಅಂಟಿಸಿದ್ದರು, ಆಗಿದ್ದ ದುರಸ್ತಿ ಅದೊಂದೇ.

ಊರಿನ ಆ ತುದಿಯ ಖಾಸಗಿ ಕೇಂದ್ರಕ್ಕೆ ಕರೆದುಕೊಂಡು ಹೊರಟೆವು. ಆಂಬುಲೆನ್ಸ್ ಓಡಿಸುತ್ತಿದ್ದವನು ಅಪ್ಪನ ಕೈಕೆಳಗೇ ಸ್ಟೀರಿಂಗ್ ಹಿಡಿಯಲು ಕಲಿತವನು. ಸೈರನ್ ಹಾಕಿದರೂ ಯಾರೂ ಜಾಗ ಬಿಡಲಿಲ್ಲ, ಬಿಡಲು ಜಾಗವೇ ಇರಲಿಲ್ಲ. ಹಿಂದೆ ಕೂತು ಅಪ್ಪನ ತಲೆ ಹಿಡಿದುಕೊಂಡಿದ್ದೆ. ಒಂದು ಕಡೆ ಗಾಡಿ ನಿಂತೇಬಿಟ್ಟಿತು. ಕಿಟಕಿಯಾಚೆ ನೋಡಿದರೆ ಮೂರು ಮಹಡಿ ಎತ್ತರದ ಫಲಕದಲ್ಲಿ ನನ್ನ ತಮ್ಮ, ಮಣಿಕಟ್ಟು ಮುಂದೆ ಮಾಡಿ ನಗುತ್ತಿದ್ದ.

ಅವನು ತೆರಿಗೆ ಕಟ್ಟಿದ್ದರೆ ಆ ಯಂತ್ರ ಓಡುತ್ತಿತ್ತು ಅಂತ ಹೇಳುವಷ್ಟು ಪೆದ್ದಿ ನಾನಲ್ಲ. ಆ ದುಡ್ಡು ಯಾವನೋ ಕಂಟ್ರಾಕ್ಟರನ ಮನೆಯ ಮಾರ್ಬಲ್ಲಾಗುತ್ತಿತ್ತೋ ಏನೋ. ಆದರೂ ಆ ನಗುಮುಖ ನೋಡಿ ನನಗೆ ಹೊಟ್ಟೆಯೊಳಗೆ ಕೊಳ್ಳಿ ಇಟ್ಟ ಹಾಗಾಯಿತು. ಅವತ್ತು ಹತ್ತಿದ ಬೆಂಕಿ ಅದು.

ಸ್ಕ್ಯಾನ್ ಮಾಡಿಸಿ ನಮ್ಮ ಆಸ್ಪತ್ರೆಗೇ ವಾಪಸು ತರುವಷ್ಟರಲ್ಲಿ ಹೊತ್ತು ಮೀರಿತ್ತು. ಅಪ್ಪನ ಜೀವ ಉಳಿಯಿತು. ಬಲಗಡೆ ಹೋಯಿತು. ಮಾತು ಮುಕ್ಕಾಲು ಹೋಯಿತು.

ತಮ್ಮ ಮರುದಿನವೇ ಬಂದ. ಸುಳ್ಳು ಹೇಳಬಾರದು, ಬಂದವನು ಮಗನ ಹಾಗೇ ಇದ್ದ. ಆಡಬೇಕಿದ್ದ ಪಂದ್ಯಾವಳಿ ಬಿಟ್ಟುಬಂದಿದ್ದ. ಅಪ್ಪನ ಗಡ್ಡ ತಾನೇ ಹೆರೆದ. ಚಮಚದಲ್ಲಿ ಗಂಜಿ ಕುಡಿಸಿ, ಕಟಬಾಯಿಯಿಂದ ಇಳಿದದ್ದನ್ನು ಒರೆಸಿದ. ಮೂಳೆ ಡಾಕ್ಟರು ಅವನಿಗೆ ಮಾಡಿಸಿದ್ದ ಹಾಗೇ ಅಪ್ಪನ ಬೆರಳು ಒಂದೊಂದೇ ಮಡಿಸಿ ಬಿಡಿಸುತ್ತಿದ್ದ. ವಾರ್ಡಿನ ಬಾಗಿಲಲ್ಲಿ ಜನ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರು, ಅವನು ತಲೆ ಎತ್ತಲಿಲ್ಲ. ನನ್ನ ಸಿಟ್ಟು ಅರ್ಧ ಇಳಿದಿತ್ತು.

ಆಗ ಕೋಟಿನವನು ಬಂದ. ತಮ್ಮನ ಲೆಕ್ಕಪತ್ರ ನೋಡುವ ಸಲಹೆಗಾರ. ಬೇಸಿಗೆಯಲ್ಲೂ ಕೋಟು ಬಿಚ್ಚದ ಆಸಾಮಿ, ಅದಕ್ಕೇ ನಾನಿಟ್ಟ ಹೆಸರು. ತಮ್ಮನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಪಿಸುಪಿಸು ಮಾತಾಡಿದ. ಸಂಜೆ ತಮ್ಮ ನನ್ನನ್ನು ಆಸ್ಪತ್ರೆಯ ಕ್ಯಾಂಟೀನಿಗೆ ಕರೆದ.

"ಅಕ್ಕ, ನಾನು ನಾಳೆ ಹೊರಡಬೇಕು."

"ಆಟ ಇದೆಯಾ?"

"ಇಲ್ಲ." ಚಹಾದ ಲೋಟ ತಿರುಗಿಸುತ್ತ ಕೂತ. "ಇಲ್ಲಿ ವರ್ಷಕ್ಕೆ ಇಷ್ಟೇ ದಿನ ಅಂತ ಇದೆ. ಅದಕ್ಕಿಂತ ಜಾಸ್ತಿ ಇದ್ರೆ ನಾನು ಇಲ್ಲಿಯವನು ಅಂತಾಗುತ್ತೆ. ಆಗ ಇಡೀ ವರ್ಷದ ದುಡಿಮೆಗೆ ಇಲ್ಲಿ ತೆರಿಗೆ ಬೀಳುತ್ತೆ. ದೇಶದ ತಂಡಕ್ಕೆ ಆಡಕ್ಕೆ ಬಂದಾಗಲೇ ಸುಮಾರು ದಿನ ಹೋಗಿತ್ತು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆ ತಂಡದ ಪಂದ್ಯ ಗೆದ್ದಾಗ ಬಾವುಟ ಹೊದ್ದುಕೊಂಡು ಅಂಕಣವೆಲ್ಲ ಓಡಿದ್ದ. ಅಪ್ಪ ಟೀವಿ ಮುಂದೆ ಎದ್ದು ನಿಂತಿದ್ದರು.

"ಅಂದ್ರೆ ಬಾವುಟ ಹೊದ್ದುಕೊಳ್ಳೋವಾಗ ಇಲ್ಲಿಯವನು, ಬಿಲ್ಲು ಬಂದಾಗ ಅಲ್ಲಿಯವನು."

"ನಾನು ಕದ್ದಿದ್ದೀನಾ ಅಕ್ಕ?"

"ಇಲ್ಲ."

"ಕಾನೂನು ಮೀರಿದ್ದೀನಾ?"

"ಮೀರಕ್ಕೆ ನಿನ್ನ ಕೋಟಿನವನು ಬಿಡ್ತಾನಾ? ಅವನು ಕಾನೂನಿನ ಬೇಲಿ ಮೇಲೇ ಬಟ್ಟೆ ಒಣಗಿಸೋನು."

ಅವನು ಅಂಗಿಯ ತೋಳು ಮೇಲೆತ್ತಿ ಭುಜ ತೋರಿಸಿದ. ಸೂಜಿ ಚುಚ್ಚಿದ ಜಾಗ ನೀಲಿಗಟ್ಟಿತ್ತು. "ಇದನ್ನ ನೋಡು. ಚುಚ್ಚಿಸ್ಕೊಂಡೇ ಆಡ್ತಿದೀನಿ. ಡಾಕ್ಟರು, ವಕೀಲ ಎಲ್ಲಾ ಅರವತ್ತರವರೆಗೂ ದುಡೀಬಹುದು. ನಾನು ಮೂವತ್ತೈದಕ್ಕೆ ಮುದುಕ. ಒಂದು ಬೇಸಿಗೇಲಿ ಬೆಳೆದಿದ್ದನ್ನ ಬದುಕೆಲ್ಲ ತಿನ್ನಬೇಕು. ಜನ ಏನಂತಾರೆ, ಚೆಂಡು ಹೊಡೆದಿದ್ದಕ್ಕೆ ಇಷ್ಟೊಂದಾ ಅಂತಾರೆ. ನನ್ನ ಜೊತೆ ಆ ಅಂಕಣದಲ್ಲಿ ಆಡಿದವರು ಎಷ್ಟು ಜನ ಇದ್ರು, ಎಷ್ಟು ಜನ ಉಳಿದ್ರು?"

"ನಿನ್ನ ಸಂಪಾದನೆ ಬಗ್ಗೆ ನಾನು ತುಟಿ ಪಿಟಕ್ಕಂದಿದ್ದೀನಾ? ಜನ ನಿನ್ನ ನೋಡಕ್ಕೆ ಬರ್ತಾರೆ, ಕೊಡ್ತಾರೆ. ನೀನು ತಗೊಳ್ದಿದ್ರೆ ಅದೇನು ಬಡವರ ಮನೆಗೆ ಹೋಗಲ್ಲ, ಆಟ ನಡೆಸ್ತೀವಿ ಅಂತ ಕುರ್ಚೀಲಿ ಕೂತು ತಿನ್ನೋರ ಹೊಟ್ಟೆಗೆ ಹೋಗುತ್ತೆ. ನಿನ್ನ ಬೆವರು, ನೀನು ತಗೋ. ಆದ್ರೆ ಆ ಅಂಕಣ ಯಾರದು? ಆ ಕೋಚ್‌ಗೆ ಸಂಬಳ ಯಾರದು? ಈ ಕೈ ಯಾರು ಕೂಡಿಸಿದ್ದು? ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನೀನು ಉಂಡ ಮನೇಲಿ ಎಷ್ಟು ದಿನ ಇದ್ದೆ ಅಂತ ಎಣಿಸ್ತಿದೀಯ."

"ಕಟ್ಟಿದ್ರೂ ಅವರು ತಿಂತಾರೆ ಅಕ್ಕ. ಹೋಗಿ ಸ್ಕ್ಯಾನ್ ಯಂತ್ರಕ್ಕೆ ಹಾಕ್ತಾರೆ ಅಂದ್ಕೊಂಡಿದೀಯಾ?"

"ತಿಂತಾರೆ. ತಿಂದಾಗ ಅವರ ಕೊರಳಪಟ್ಟಿ ಹಿಡಿಯೋ ಹಕ್ಕು ಕೊಟ್ಟೋರಿಗಿರುತ್ತೆ. ನೀನು ಯಾವ ಬಾಯಲ್ಲಿ ಕೇಳ್ತೀಯ?"

ಅವನಿಗೂ ಸಿಟ್ಟು ಬಂತು. "ಅಪ್ಪನ್ನ ಎಲ್ಲಿ ಬೇಕಾದ್ರೂ ಸೇರಿಸ್ತೀನಿ, ಯಾವ ದೇಶದ ಡಾಕ್ಟರ್ ಬೇಕಾದ್ರೂ ಕರೆಸ್ತೀನಿ ಅಂದಿದ್ದೀನಿ. ನೀವಿಬ್ಬರೇ ಬೇಡ ಅಂದಿದ್ದು."

"ಅಪ್ಪನಿಗೆ ಡಾಕ್ಟರ್ ಇದ್ದಾರೆ. ಮಗ ಬೇಕಾಗಿತ್ತು."

ಅವನು ಲೋಟ ಕೆಳಗಿಟ್ಟು ಎದ್ದು ಹೋದ. ಮರುದಿನ ಹೊರಟ. ಅಪ್ಪ ಎರಡು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದರು. ಎಡಗೈಯಿಂದ ನನ್ನ ಸೆರಗು ಜಗ್ಗಿ, ಕಷ್ಟಪಟ್ಟು ಒಂದು ಮಾತು ಹೊರಡಿಸಿದರು. "ಹೋದ್ನಾ?"

"ಆಟ ಇತ್ತಪ್ಪ" ಅಂದೆ. ಇನ್ನೇನು ಹೇಳಲಿ.

ಚಳಿಗಾಲ ಕಳೆಯುವಷ್ಟರಲ್ಲಿ ಅಪ್ಪನ ಎದೆಗೆ ಕಫ ಕಟ್ಟಿತು. ನುಂಗಿದ್ದು ಗಂಟಲು ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಮತ್ತೆ ವಾರ್ಡಿಗೆ ಸೇರಿಸಿದೆ. ತಮ್ಮನಿಗೆ ಫೋನು ಮಾಡಿ, ಬಾ, ಹೆಚ್ಚು ದಿನ ಇಲ್ಲ ಅಂದೆ.

"ಇನ್ನು ಸ್ವಲ್ಪ ದಿನ ಅಕ್ಕ. ಹೊಸ ವರ್ಷದ ಲೆಕ್ಕ ಶುರುವಾಗ್ಲಿ. ಆಮೇಲೆ ಬಂದು ಕೂತ್ಬಿಡ್ತೀನಿ. ತಿಂಗಳುಗಟ್ಟಲೆ ಇರ್ತೀನಿ."

"ಅಪ್ಪನ ಶ್ವಾಸಕೋಶಕ್ಕೆ ನಿಮ್ಮ ಲೆಕ್ಕದ ವರ್ಷ ಗೊತ್ತಿಲ್ಲ ಕಣೋ."

"ನಂಗೆ ಸಂಕಟ ಆಗಲ್ಲ ಅಂದ್ಕೊಂಡಿದೀಯಾ?"

"ಆಗುತ್ತೆ. ಎಷ್ಟು ಆಗಬೇಕೋ ಅಷ್ಟು ಆಗ್ತಿಲ್ಲ" ಅಂದು ಫೋನು ಇಟ್ಟೆ.

ಅಪ್ಪ ಆ ವಾರವೇ ಹೋದರು, ಬೆಳಗಾಗುವ ಹೊತ್ತಿಗೆ. ನಾನು ಪಕ್ಕದಲ್ಲಿದ್ದೆ. ಆಯಾ ಅವರ ಕಣ್ಣು ಮುಚ್ಚಿದಳು. ಎಷ್ಟೋ ಜನರ ಕಣ್ಣು ಮುಚ್ಚಿಸಿದ ನನಗೆ ಅವತ್ತು ಕೈ ಏಳಲಿಲ್ಲ.

ತಮ್ಮ ಮರುದಿನ ಬೆಳಿಗ್ಗೆ ಸಣ್ಣ ವಿಮಾನದಲ್ಲಿ ಬಂದಿಳಿದ. ಜೊತೆಗೆ ಕೋಟಿನವನು. ಬೀದಿಯ ಎರಡು ತುದಿಯಲ್ಲೂ ಪೊಲೀಸರು ನಿಂತರು, ಇಲ್ಲದಿದ್ದರೆ ಅಪ್ಪನನ್ನು ನೋಡಲು ಬಂದವರಿಗಿಂತ ಅವನನ್ನು ನೋಡಲು ಬಂದವರೇ ಮನೆಯೊಳಗೆ ನುಗ್ಗುತ್ತಿದ್ದರು. ಅಪ್ಪನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದೆವು. ತಮ್ಮ ನೆಲದ ಮೇಲೆ ಕೂತು ಅಪ್ಪನ ಆ ಬಲಗೈ ಹಿಡಿದುಕೊಂಡು ಅತ್ತ. ಹೆಗಲು ಕುಲುಕುವ ಹಾಗೆ ಅತ್ತ. ನನಗೂ ತಡೆಯಲಾಗಲಿಲ್ಲ, ಹೋಗಿ ತಲೆ ಮೇಲೆ ಕೈ ಇಟ್ಟೆ. ಎಷ್ಟಂದರೂ ನಾನೇ ಸ್ನಾನ ಮಾಡಿಸಿ ಒರೆಸಿದ ತಲೆ.

ನಮ್ಮ ಅತ್ತೆ ಬರಬೇಕಿತ್ತು, ಅಪ್ಪನ ಅಕ್ಕ. ಎಂಬತ್ತು ದಾಟಿದವರು, ಊರು ದೂರ, ರೈಲಿನಲ್ಲಿ ಮೊಮ್ಮಗಳ ಜೊತೆ ಹೊರಟಿದ್ದರು. ರೈಲು ಎಲ್ಲೋ ನಿಂತುಬಿಟ್ಟಿತ್ತು. ಅವರು ಬಂದು ಮುಖ ನೋಡಿದ ಮೇಲೇ ತೆಗೆಯುವುದು ಅಂತ ಎಲ್ಲರೂ ಒಪ್ಪಿದ್ದೆವು. ಮಧ್ಯಾಹ್ನ ದಾಟಿತು. ಕೋಟಿನವನು ಬಾಲ್ಕನಿಯಲ್ಲಿ ಅತ್ತಿತ್ತ ಓಡಾಡುತ್ತಿದ್ದ, ಆ ಬಾಲ್ಕನಿಯಲ್ಲಿ ಓಡಾಡುವುದೆಂದರೆ ನಿಂತಲ್ಲೇ ತಿರುಗುವುದು. ಕೊನೆಗೆ ಅಡುಗೆಮನೆಗೆ ಬಂದ. ನಾನು ಬಂದವರಿಗೆ ನೀರು ತುಂಬಿಸುತ್ತಿದ್ದೆ.

"ಮೇಡಂ, ತಪ್ಪು ತಿಳ್ಕೋಬೇಡಿ. ಸ್ವಲ್ಪ ಬೇಗ ಶುರು ಮಾಡಬಹುದಾ?"

"ಯಾಕೆ?"

"ಇಲ್ಲಿನ ನಿಲ್ದಾಣದಲ್ಲಿ ಕತ್ತಲಾದ ಮೇಲೆ ಸಣ್ಣ ವಿಮಾನ ಬಿಡಲ್ಲ. ಸಂಜೆಯೊಳಗೆ ಹಾರಬೇಕು. ನಡುರಾತ್ರಿ ಸರ್ ಈ ನೆಲದ ಮೇಲೆ ಇದ್ರೆ ಅದು ಒಂದು ದಿನ ಅಂತ ಲೆಕ್ಕ. ಆ ಒಂದು ದಿನ ನಮ್ಮ ಹತ್ರ ಇಲ್ಲ."

ಕೈಯಲ್ಲಿದ್ದ ಚೊಂಬು ಕೆಳಗಿಟ್ಟೆ. ಇಟ್ಟದ್ದು ಒಳ್ಳೆಯದಾಯಿತು.

"ಅವನನ್ನ ಕರೀರಿ" ಅಂದೆ.

ತಮ್ಮ ಬಂದ. ಕಣ್ಣು ಕೆಂಪಗಿತ್ತು. ಕೋಟಿನವನು ಹೇಳಿದ್ದು ನಿಜವಾ ಅಂತ ಕೇಳಿದೆ. ನಿಜ ಅಂದ.

"ಅತ್ತೆ ದಾರೀಲಿದ್ದಾರೆ."

"ಗೊತ್ತು."

"ಅಪ್ಪನ್ನ ಎತ್ತಿ ಆಡಿಸಿದವರು. ಒಡಹುಟ್ಟಿದವನ ಮುಖ ನೋಡಕ್ಕೆ ಬರ್ತಿದ್ದಾರೆ. ಅವರು ಬರೋದ್ರೊಳಗೆ ಮಣ್ಣು ಮುಚ್ಚಿಬಿಡೋಣವಾ, ನಿನ್ನ ಅನುಕೂಲಕ್ಕೆ?"

"ಅಕ್ಕ, ಒಂದು ರಾತ್ರಿಗೋಸ್ಕರ ಇಡೀ ವರ್ಷದ್ದು ಹೋಗುತ್ತೆ. ಅದೆಷ್ಟು ಅಂತ ನಿಂಗೆ ಗೊತ್ತಿಲ್ಲ."

"ಗೊತ್ತಾಗೋದೂ ಬೇಡ. ಅದೆಷ್ಟೇ ಇರ್ಲಿ, ಹೋದ ಮೇಲೂ ನಿನ್ನ ಹತ್ರ ಏನು ಕಡಿಮೆ ಉಳಿಯುತ್ತೆ ಹೇಳು. ಊಟ ಕಡಿಮೆ ಆಗುತ್ತಾ? ಹಾಸಿಗೆ ಚಿಕ್ಕದಾಗುತ್ತಾ? ಏನು ಕಡಿಮೆ ಆಗುತ್ತೆ?"

ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಎಲ್ಲರೂ ಉಳಿಸು ಉಳಿಸು ಅಂದಿದ್ದರು, ಉಳಿಸಿದ್ದ.

ನಮ್ಮ ಚಿಕ್ಕಪ್ಪ ಬಾಗಿಲಲ್ಲಿ ಇಣುಕಿದರು. "ಸಾವಿನ ಮನೇಲಿ ಏನಮ್ಮ ಇದು, ಹೊರಗೆ ಜನ ಕೇಳಿಸ್ಕೊಳ್ತಿದ್ದಾರೆ. ದೊಡ್ಡವರ ಕಷ್ಟ ದೊಡ್ಡವರಿಗೆ."

"ನನಗಿಂತ ಅವನು ಚಿಕ್ಕವನು ಚಿಕ್ಕಪ್ಪ" ಅಂದೆ.

ಬಿಸಿಲು ಇಳಿಯುತ್ತ ಬಂದ ಹಾಗೆ ತಮ್ಮ ಇನ್ನೊಮ್ಮೆ ಅಪ್ಪನ ಹತ್ತಿರ ಹೋಗಿ ಕೂತ. ಕೋಟಿನವನು ಮೆಟ್ಟಿಲ ಮೇಲೆ ನಿಂತಿದ್ದ. ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಏಳಬೇಡ, ಏಳಬೇಡ ಕಣೋ ಅಂತ ಒಳಗೊಳಗೇ ಬೇಡಿಕೊಂಡೆ. ಅವನು ಎದ್ದ. ನನ್ನ ಮುಖ ನೋಡದೆ ಹೊರಗೆ ಹೋದ. ಬೀದಿಯಲ್ಲಿ ಜನ ಅವನ ಹೆಸರು ಕೂಗಿದ್ದು ಒಳಗಿದ್ದ ಅಪ್ಪನ ತನಕ ಕೇಳಿಸಿತು.

ಅತ್ತೆ ಬಂದಾಗ ದೀಪ ಹಚ್ಚಿದ್ದೆವು. ಮೊಮ್ಮಗಳ ಭುಜ ಹಿಡಿದು ಮೆಟ್ಟಿಲು ಹತ್ತಿ, ಅಪ್ಪನ ಕೆನ್ನೆ ಸವರಿ, ಸುತ್ತ ಕಣ್ಣು ಹಾಯಿಸಿದರು.

"ಹುಡುಗ ಎಲ್ಲಿ?"

"ಹೋದ ಅತ್ತೆ. ದ್ವೀಪಕ್ಕೆ."

"ಯಾಕೆ, ಅಲ್ಲಿ ಯಾರಾದ್ರೂ ಸತ್ರಾ?"

ಅಪ್ಪನನ್ನು ಹೊತ್ತದ್ದು ಆಂಬುಲೆನ್ಸ್ ಡ್ರೈವರುಗಳು. ಯೂನಿಫಾರ್ಮಿನಲ್ಲೇ ಬಂದಿದ್ದರು, ಮುಗಿಸಿ ಹಾಗೇ ಡ್ಯೂಟಿಗೆ ಹೋದರು.

ಹೊಸ ವರ್ಷದ ಲೆಕ್ಕ ಶುರುವಾಯಿತು. ಅದರ ಬೆನ್ನಿಗೇ ನಮ್ಮ ಆಸ್ಪತ್ರೆಗೆ ಸುದ್ದಿ ಬಂತು, ಚಿಗರೆ ಹೊಸ ಸ್ಕ್ಯಾನ್ ಯಂತ್ರ ಕೊಡುತ್ತಾನಂತೆ, ತಂದೆಯ ಹೆಸರಿನಲ್ಲಿ. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರಿಡಾರಿಗೆ ಸುಣ್ಣ ಬಳಿಸಿದರು, ಸೋರುವ ನಲ್ಲಿ ರಿಪೇರಿಯಾಯಿತು, ಅಂಗಳಕ್ಕೆ ಶಾಮಿಯಾನ ಬಂತು. ನನ್ನನ್ನು ಕರೆದು, "ನೀವು ವೇದಿಕೆ ಮೇಲಿರಬೇಕು ಸಿಸ್ಟರ್. ತಮ್ಮ ಕೊಡೋದು, ಅಕ್ಕ ಆಸ್ಪತ್ರೆ ಪರವಾಗಿ ತಗೊಳ್ಳೋದು. ಎಂಥಾ ಚಿತ್ರ" ಅಂದರು.

"ನಂಗೆ ಡ್ಯೂಟಿ ಇದೆ ಸರ್."

"ಅದೇ ಡ್ಯೂಟಿ."

ಹೋದೆ. ಯಂತ್ರ ಬೇಡ ಅನ್ನಲು ನಾನ್ಯಾರು? ಅಂಥ ಅಪ್ಪಂದಿರು ನಮ್ಮ ಬಾಗಿಲಿಗೆ ದಿನಾ ಬರುತ್ತಾರೆ. ತಮ್ಮ ವೇದಿಕೆಯಲ್ಲಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. "ಹೇಗಿದೀಯ ಅಕ್ಕ" ಅಂದ. "ಇದ್ದೀನಿ" ಅಂದೆ. ಭಾಷಣ ಮಾಡಿದವರೆಲ್ಲ ಅವನನ್ನು ದಾನಿ ಅಂದರು, ಮಹಾದಾನಿ ಅಂದರು, ಇಂಥ ಮಗನನ್ನು ಹೆತ್ತ ತಂದೆ ಧನ್ಯ ಅಂದರು. ಎದುರಿಗೆ ಎರಡನೇ ಸಾಲಿನಲ್ಲಿ ನಮ್ಮ ಆಯಾ ಪೊರಕೆ ಪಕ್ಕಕ್ಕಿಟ್ಟು ಕೂತಿದ್ದಳು. ಯಂತ್ರದ ಕೋಣೆಯ ಬೀಗದಕೈ ನನ್ನ ಕೈಗೆ ಕೊಟ್ಟು, ಎರಡು ಮಾತಾಡಿ ಅಂತ ಮೈಕು ಮುಂದೆ ಹಿಡಿದರು.

ಏನೂ ಯೋಚಿಸಿಕೊಂಡು ಹೋಗಿರಲಿಲ್ಲ.

"ಯಂತ್ರ ಬಂತು, ಒಳ್ಳೇದಾಯ್ತು" ಅಂದೆ. "ಇನ್ನು ಯಾರನ್ನೂ ತಲೆ ಹಿಡ್ಕೊಂಡು ಊರು ಸುತ್ತಿಸಬೇಕಾಗಿಲ್ಲ. ಆದ್ರೆ ಇದನ್ನ ದಾನ ಅನ್ನಬೇಡಿ. ನಮ್ಮ ಆಯಾ ಒಂದು ಸೋಪು ಕೊಂಡ್ರೂ ಅದರಲ್ಲಿ ತೆರಿಗೆ ಇದೆ. ನನ್ನ ಸಂಬಳ ಕೈಗೆ ಬರೋ ಮೊದಲೇ ತೆರಿಗೆ ಮುರ್ಕೊಂಡಿರ್ತಾರೆ. ಕೊಡ್ತೀರಾ ಅಂತ ನಮ್ಮನ್ನ ಯಾರೂ ಕೇಳಲ್ಲ. ಯಾವಾಗ, ಎಷ್ಟು, ಯಾವುದಕ್ಕೆ ಅಂತ ಆರಿಸ್ಕೊಳ್ಳಕ್ಕೆ ಬಿಡಲ್ಲ. ಕೊಟ್ಟಿದ್ದಕ್ಕೆ ಗೋಡೆ ಮೇಲೆ ಹೆಸರೂ ಬರೆಯಲ್ಲ. ಎಲ್ಲರ ಹಾಗೆ ಕೊಡಬೇಕಾದ್ದನ್ನ ಕೊಡದೆ ಉಳಿಸ್ಕೊಂಡು, ಅದರಲ್ಲಿ ಒಂದು ಚೂರು ಹೂವು ಕಟ್ಟಿ ತಂದ್ರೆ ನಾವು ಎದ್ದು ನಿಂತು ಚಪ್ಪಾಳೆ ತಟ್ಟಬೇಕು. ನಮ್ಮಪ್ಪನ ಹೆಸರು ಇಟ್ಟಿದ್ದೀರಿ. ನಮ್ಮಪ್ಪ ಬದುಕಿದ್ದಷ್ಟು ದಿನ ತೆರಿಗೆ ಕಟ್ಟಿದೋರು. ಅವರ ಹೆಣ ಇನ್ನೂ ಮನೇಲಿದ್ದ ದಿನ ಅವರ ಮಗ ತೆರಿಗೆ ತಪ್ಪಿಸಕ್ಕೆ ರಾತ್ರಿ ಇಲ್ಲಿ ಉಳೀಲಿಲ್ಲ."

ಯಾರೋ ಮೈಕು ಆರಿಸಿದರು. ಕೊನೆಯ ಮಾತು ಅಷ್ಟು ಹೊತ್ತಿಗೆ ಹೊರಗೆ ಬಿದ್ದಾಗಿತ್ತು. ತಮ್ಮನ ಮುಖ ಬಿಳಿಚಿಕೊಂಡಿತ್ತು. ಬೀಗದಕೈ ಮೇಜಿನ ಮೇಲಿಟ್ಟು ಇಳಿದು ವಾರ್ಡಿಗೆ ಹೋದೆ. ಇಳಿಯುವಾಗ ಹಿಂದಿನಿಂದ ಒಬ್ಬ, "ಹೊಟ್ಟೆಕಿಚ್ಚು" ಅಂತ ಕೂಗಿದ.

ಆಮೇಲೆ ಅದೇ ನನ್ನ ಹೆಸರಾಯಿತು. ಫೋನಿಗೆ ಬಂದ ಬೈಗುಳ ಓದಿದರೆ ಕಿವಿ ತೊಳೆದುಕೊಳ್ಳಬೇಕು. ಅವನು ಸಾಕಿದ ಅಕ್ಕ, ಅವನ ಅನ್ನ ತಿಂದವಳು ಅಂತ ಗುರುತಿಲ್ಲದವರು ಬರೆದರು. ಯಾರು ಯಾರನ್ನು ಸಾಕಿದ್ದು ಅಂತ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಬಾಗಿಲಿಗೆ ಯಾರೋ ಕೊಚ್ಚೆ ಎರಚಿದ್ದರು, ತೊಳೆದೆ. ಚಿಕ್ಕಪ್ಪ ಮನೆಗೆ ಬರುವುದು ಬಿಟ್ಟರು. ಸೂಪರಿಂಟೆಂಡೆಂಟ್ ಸಾಹೇಬರು ಕ್ಷಮೆ ಕೇಳಿ ಅಂದರು. ಯಾವ ಮಾತು ಸುಳ್ಳು ಹೇಳಿ ಸರ್, ಅದಕ್ಕೆ ಕೇಳ್ತೀನಿ ಅಂದೆ. ಅವರು ಕನ್ನಡಕ ಒರೆಸಿಕೊಂಡರು. ವಾರದಲ್ಲಿ ನನ್ನನ್ನು ಊರಾಚೆಯ ಸಣ್ಣ ಚಿಕಿತ್ಸಾಲಯಕ್ಕೆ ಎತ್ತಿಹಾಕಿದರು. "ಸಾರ್ವಜನಿಕ ಹಿತದೃಷ್ಟಿಯಿಂದ" ಅಂತ ಕಾರಣ ಕೊಟ್ಟಿದ್ದರು. ಓದಿ ನಗು ಬಂತು, ಅದೂ ಸಿಟ್ಟಿನದೇ.

ಸುದ್ದಿ ತಮ್ಮನಿಗೆ ಹೇಗೋ ಮುಟ್ಟಿತು. ಆ ಸಭೆಯ ನಂತರ ಮೊದಲ ಸಲ ಫೋನು ಮಾಡಿದ.

"ಅಕ್ಕ, ವರ್ಗ ಮಾಡಿದ್ದಾರಂತೆ. ನಾನು ಹೇಳಿಸಿದ್ದಲ್ಲ."

"ಗೊತ್ತು. ನಿನ್ನಲ್ಲಿ ಆ ಕೆಟ್ಟತನ ಇಲ್ಲ."

"ಮಂತ್ರಿಗೆ ಒಂದು ಮಾತು ಹೇಳ್ತೀನಿ. ನಾಳೆ ಬೆಳಿಗ್ಗೇನೇ ರದ್ದಾಗುತ್ತೆ."

ಅಷ್ಟು ಹೊತ್ತು ಸಮಾಧಾನವಾಗಿದ್ದವಳಿಗೆ ಅಲ್ಲಿ ರೇಗಿತು. "ನೋಡು, ಇಲ್ಲಿಗೆ ಒಂದು ಕಾಸು ಕಟ್ಟಲ್ಲ, ಇಲ್ಲಿ ಒಂದು ರಾತ್ರಿ ಇರಲ್ಲ, ಆದ್ರೂ ನೀನು ಹೇಳಿದ ಮಾತು ನಡೆಯುತ್ತೆ. ನಾನು ಬದುಕೆಲ್ಲ ಕಟ್ಟಿದ್ದೀನಿ, ನನ್ನ ಮಾತಿಗೆ ಮೈಕು ಆರಿಸ್ತಾರೆ. ಆ ಫೋನ್ ನೀನು ಮಾಡಿದ್ರೆ ನಾನು ಕೆಲಸ ಬಿಡ್ತೀನಿ."

"ನಾನು ಏನು ಮಾಡಿದ್ರೆ ನಿಂಗೆ ಸರಿ ಅನ್ಸುತ್ತೆ?"

"ನಿಂಗೆ ಗೊತ್ತು."

"ಅದು ನನ್ನ ಕೈಲಾಗಲ್ಲ ಅಕ್ಕ."

"ಕೈಲಾಗುತ್ತೆ. ಮನಸ್ಸಾಗಲ್ಲ."

ಫೋನು ಯಾರು ಮೊದಲು ಇಟ್ಟೆವೋ ನೆನಪಿಲ್ಲ. ಅದಾಗಿ ವರ್ಷ ಕಳೆಯಿತು, ಮತ್ತೆ ಮಾತಾಡಿಲ್ಲ. ಅವನು ಈಗಲೂ ಆ ದ್ವೀಪದವನೇ.

ಅವನ ಆಟ ಟೀವಿಯಲ್ಲಿ ಬಂದರೆ ಇವತ್ತಿಗೂ ನೋಡುತ್ತೇನೆ. ಸೋತರೆ ಹೊಟ್ಟೆ ಉರಿಯುತ್ತದೆ, ಗೆದ್ದರೆ ಇನ್ನೂ ಉರಿಯುತ್ತದೆ. ಹಳೆ ಆಸ್ಪತ್ರೆಯ ಯಂತ್ರ ಚೆನ್ನಾಗಿ ಓಡುತ್ತಿದೆಯಂತೆ, ಆಯಾ ಸಿಕ್ಕಾಗ ಹೇಳುತ್ತಾಳೆ. ಸಂತೋಷ. ನಾನು ಎರಡು ಬಸ್ಸು ಬದಲಾಯಿಸಿ ಹೊಸ ಕಡೆ ಹೋಗುತ್ತೇನೆ. ಒಂದು ಕೋಣೆ, ಒಂದು ಮೇಜು, ಹೊರಗೆ ಬೆಂಚಿನ ಮೇಲೆ ಜನ. ಮೊನ್ನೆ ಚುಚ್ಚುಮದ್ದಿಗೆ ಬಂದಿದ್ದ ಗಾರೆ ಕೆಲಸದವನೊಬ್ಬ ನನ್ನ ಮುಖವನ್ನೇ ನೋಡಿ ನೋಡಿ, "ನೀವು ಆ ಚಿಗರೆಯ ಅಕ್ಕ ಅಲ್ವಾ?" ಅಂತ ಕೇಳಿದ.

"ಹೌದು. ತೋಳು ಮೇಲೆತ್ತಿ."

"ಅವತ್ತು ಹಾಗೆಲ್ಲ ಮಾತಾಡಿದ್ದು ನೀವೇನಾ?"

"ನಾನೇ" ಅಂದೆ. "ಬಿಗಿ ಹಿಡೀಬೇಡಿ, ಕೈ ಸಡಿಲ ಬಿಡಿ, ಇಲ್ದಿದ್ರೆ ನೋಯುತ್ತೆ."